ಅರಿಶಿಣ ಹತ್ತಿದ ಚೀಟಿಗಳು

ಮಸ್ಕಿಯಲ್ಲಿ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ಹಾಲಿ ಸಿಕ್ಕಾ ಹೋಗಿ ಕಲ್ದಾರ್ ಬರುವ ಹೊತ್ತು, ಅಂದರೆ ನಿಜಾಮರ ರೂಪಾಯಿಯನ್ನು ಹಿಂದಕ್ಕೆ ಪಡೆದು ಭಾರತ ಸರಕಾರದ ರೂಪಾಯಿ ಕೊಡುತ್ತಿದ್ದ ಹೊತ್ತು, ಪೇಟೆಯಿಂದ ಚಿಲ್ಲರೆ ಮಾಯವಾಯಿತು. ಆಗ ಊರಿನ ವರ್ತಕರು ಕೂಡಿ ಕಾಗದದ ಚೀಟಿ ಹೊರಡಿಸಿದರು. ಒಂದಾಣೆ, ಅರ್ಧಾಣೆ ಎಂದು ಬರೆದ ಆ ಚೀಟಿಗಳನ್ನು ಜನ ನಾಣ್ಯದ ಹಾಗೆಯೇ ಕೊಟ್ಟು ತೆಗೆದುಕೊಂಡರು. ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಅದು ನಂಬಿಕೆಯ ಕಾಲ. ಇಷ್ಟು ಹೇಳಿ, ಹೇಳಿದವರು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ.

ನಾನು ಆಡಿಸುವುದಿಲ್ಲ. ರಾಯಚೂರಿನ ಹೈಸ್ಕೂಲಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮಾಸ್ತರರು ಒಂದು ಮಾತು ಕಲಿಸಿದ್ದರು. ಎದುರಿನವರು ದೊಡ್ಡ ಶಬ್ದ ತೆಗೆದರೆ ಬೆದರಬೇಡಿ, ಅದರ ಭಾರ ಯಾರ ತಲೆಯ ಮೇಲೆ ಬಿತ್ತು ಅಂತ ಕೇಳಿ. ಈ ‘ನಂಬಿಕೆ’ ಎಂಬ ಶಬ್ದದ ಭಾರ ನಮ್ಮ ಅತ್ತೆಯ ತಲೆಯ ಮೇಲೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಿಟ್ಟು ಬರುವುದು ಅದಕ್ಕಲ್ಲ. ಆ ಕಥೆಯನ್ನು ಎಲ್ಲರಿಗಿಂತ ಚೆಂದ ಹೇಳುವವಳು ಅತ್ತೆಯೇ, ಅದಕ್ಕೆ.

ಮೊದಲು ಆ ‘ಮಾಯವಾಯಿತು’ ಎಂಬುದನ್ನೇ ತೆಗೆದುಕೊಳ್ಳೋಣ. ನಾಣ್ಯವೇನು ಕರ್ಪೂರವೇ ಆರಿಹೋಗಲಿಕ್ಕೆ? ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಆಗಿನ ಲೆಕ್ಕ. ರೂಪಾಯಿಗಳಲ್ಲಿ ಆ ಲೆಕ್ಕ ಹೇಗೋ ಕೂಡುತ್ತಿತ್ತು, ಒಂದು ಸಿವುಡು ಕೊತ್ತಂಬರಿ ಕೊಳ್ಳುವಲ್ಲಿ ಕೂಡುತ್ತಿರಲಿಲ್ಲ. ಬದಲಿಸಿದರೆ ನಷ್ಟವಾದೀತೆಂದು ಹೆದರಿದವರು ಹಳೆಯ ನಾಣ್ಯವನ್ನು ಗಡಿಗೆಯಲ್ಲಿ ಹಾಕಿಟ್ಟರು. ಹೊಸದು ಲಿಂಗಸುಗೂರಿನ ಖಜಾನೆಯವರೆಗೆ ಬಂದಿದೆ, ಇನ್ನೇನು ಇಲ್ಲಿಗೂ ಬರುತ್ತದೆ ಎಂಬ ಸುದ್ದಿ ಮಾತ್ರ ವಾರ ವಾರ ಬರುತ್ತಿತ್ತು. ಇದ್ದ ನಾಣ್ಯ ಎಲ್ಲೋ ಇದ್ದೇ ಇತ್ತು. ಯಾರ ಕೈಯಲ್ಲಿತ್ತು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಕೊನೆಗೆ ಬರುತ್ತೇನೆ.

ಚೀಟಿಗಳು ಬಂದ ಬಗೆಯೂ ಮಜವಾಗಿದೆ. ಹೊಸ ಕಾಗದ ತುಟ್ಟಿ. ಹಳೆಯ ಸರಕಾರದ ಕಚೇರಿಗಳಲ್ಲಿ ಉಳಿದಿದ್ದ ಉರ್ದು ಫಾರಂಗಳು ರದ್ದಿಗೆ ಬಿದ್ದಿದ್ದವು. ಅವನ್ನು ಕತ್ತರಿಸಿ, ಖಾಲಿ ಮಗ್ಗುಲಿಗೆ ನೇರಳೆ ಮಸಿಯ ಠಸ್ಸೆ ಒತ್ತಿ, ಕಿರಾಣಿ ಅಂಗಡಿಯ ಸಾಹುಕಾರರೊಬ್ಬರೇ ಎಲ್ಲ ವರ್ತಕರ ಪರವಾಗಿ ಮಸಿಯಲ್ಲಿ ಅದ್ದಿದ ಟಾಕಿನಲ್ಲಿ ಸಹಿ ಮಾಡಿದರು. ನಾನು ಉರ್ದುವಿನಲ್ಲೇ ಓದು ಶುರು ಮಾಡಿದವಳು. ಚೀಟಿ ಕೈಗೆ ಬಂದರೆ ಮೊದಲು ಹಿಂಬದಿ ಓದುತ್ತಿದ್ದೆ. ಒಂದರ ಮೇಲೆ ‘ಅರ್ಜಿದಾರನು ಖುದ್ದು’ ಎಂದಿದ್ದರೆ ಇನ್ನೊಂದರ ಮೇಲೆ ‘ಹಾಜರಾಗದಿದ್ದಲ್ಲಿ’ ಎಂದಿರುತ್ತಿತ್ತು. ಪೂರ್ತಿ ವಾಕ್ಯ ಬೇಕೆಂದರೆ ಊರಿನ ಅರ್ಧ ಚೀಟಿಯನ್ನು ಗುಡ್ಡೆ ಹಾಕಬೇಕಾಗಿತ್ತು.

ನಾನಾಗ ಮಸ್ಕಿಯ ಹೆಣ್ಣುಮಕ್ಕಳ ಸಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಬಂದಿದ್ದೆ. ಇದ್ದದ್ದು ಅತ್ತೆಯ ಮನೆಯಲ್ಲಿ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ಕೂತು ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮಿರ್ಚಿ ಭಜಿ ಮಾರುತ್ತಿದ್ದಳು. ಮಾವ ಸಿಂಧನೂರಿನ ಕಡೆ ಕಾಲುವೆ ಕೆಲಸಕ್ಕೆ ಹೋಗಿದ್ದರು. ಅಲ್ಲಿಯೂ ಚಿಲ್ಲರೆ ಇಲ್ಲ. ಗುತ್ತೇದಾರ ತಗಡಿನ ಬಿಲ್ಲೆ ಕೊಡುತ್ತಿದ್ದ, ಆ ಬಿಲ್ಲೆ ಕ್ಯಾಂಪಿನ ಅಂಗಡಿಯಲ್ಲಷ್ಟೇ ನಡೆಯುತ್ತಿತ್ತು. ಅಲ್ಲಿ ಗುತ್ತೇದಾರನ ಬಿಲ್ಲೆ, ಇಲ್ಲಿ ಸಾಹುಕಾರರ ಚೀಟಿ. ಮನೆಗೆ ಬರುತ್ತಿದ್ದ ಸರಕಾರದ ದುಡ್ಡು ನನ್ನ ಪಗಾರ ಒಂದೇ. ಅದರಲ್ಲಿ ಅತ್ತೆ ಒಂದು ಪೈ ಮುಟ್ಟುತ್ತಿರಲಿಲ್ಲ.

“ತವರುಮನಿ ಹುಡುಗಿ ದುಡಿದದ್ದು ನಾ ತಿನ್ನಬೇಕೇನು? ನಮ್ಮಪ್ಪ ಮ್ಯಾಲಿಂದ ನೋಡಿ ನಗ್ತಾನ” ಎನ್ನುತ್ತಿದ್ದಳು.

“ನಿಮ್ಮಪ್ಪ ನಗೂದು ನಿನಗ ಕೇಳಸ್ತದೇನು?”

“ನಿನ್ನ ಬಾಯಿ ಮುಚ್ಚಿದ್ರ ಕೇಳಸ್ತದ.”

ಅತ್ತೆಗೆ ಆ ವರ್ಷ ಬೇಕಾಗಿದ್ದದ್ದು ತಗಡು. ಬಸ್ಸು ನಿಲ್ಲುವ ಜಾಗವನ್ನು ಹಸನು ಮಾಡುತ್ತೇವೆಂದು ಊರಿನ ಪಂಚರು ಡಂಗುರ ಸಾರಿಸಿದ್ದರು. ದೀಪಾವಳಿ ಮುಗಿಯುವುದರೊಳಗೆ ತಗಡಿನ ಶೆಡ್ಡು ಹಾಕಿಕೊಂಡವರಿಗೆ ರಸ್ತೆಯ ಪಕ್ಕದ ಜಾಗ ಕಾಯಂ. ಉಳಿದವರು ಹಿಂದೆ ಹಳ್ಳದ ಕಡೆ ಹೋಗಬೇಕು. ಹಳ್ಳದ ಕಡೆ ಹೋದರೆ ಮಿರ್ಚಿ ಯಾರು ತಿನ್ನುತ್ತಾರೆ? ಬಸ್ಸು ನಿಲ್ಲುವುದು ಡ್ರೈವರ್ ಚಹಾ ಕುಡಿಯುವಷ್ಟು ಹೊತ್ತು. ಕಿಟಕಿಯಿಂದ ಕೈ ಚಾಚಿದರೆ ಸಿಗಬೇಕು, ಇಲ್ಲವಾದರೆ ಇಲ್ಲ. ಗಿಡದ ಕೆಳಗಿನ ಆ ಜಾಗ ಹೋದರೆ ಅತ್ತೆಯ ವ್ಯಾಪಾರವೇ ಹೋದಂತೆ.

ತಗಡಿಗೆ ಸಾಲುವಷ್ಟು ಅವಳ ಹತ್ತಿರ ಇತ್ತು, ಎಲ್ಲವೂ ಚೀಟಿಯಲ್ಲಿ. ಮಿರ್ಚಿ ತಿಂದವರೆಲ್ಲ ಕೊಟ್ಟದ್ದು ಅದನ್ನೇ. ತಿಂಗಳಾನುಗಟ್ಟಲೆ ಕೂಡಿಸಿ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದಳು. ಗಂಟು ದಪ್ಪಗಿತ್ತು, ಎತ್ತಿದರೆ ತೂಕವೇ ಇರಲಿಲ್ಲ. ಹೊತ್ತುಕೊಂಡು ಇಬ್ಬರೂ ಲಿಂಗಸುಗೂರಿನ ಬಸ್ಸು ಹತ್ತಿದೆವು. ಕಂಡಕ್ಟರ್ ಚೀಟಿ ನೋಡಿ, “ಇದನ್ನ ಬಸ್ಸಿಗೆ ಹಾಕಿದ್ರ ಓಡಲ್ಲ, ಪೆಟ್ರೋಲ್ ಬೇಕು” ಎಂದ. ಟಿಕೆಟ್ಟು ನನ್ನ ಪಗಾರದಲ್ಲಿ ಹರಿಯಿತು. ದಾರಿಯುದ್ದಕ್ಕೂ ಅತ್ತೆಗೆ ಅದೇ ಸಂಕಟ.

ತಗಡಿನ ಅಂಗಡಿಯ ಸಾಬರು ಗಂಟು ಬಿಚ್ಚಿ ನೋಡಿದರು. ನಗಲಿಲ್ಲ, ಅದೊಂದು ದೊಡ್ಡ ಗುಣ.

“ಅಮ್ಮಾ, ಇದು ಮಸ್ಕಿ ಕಾಗದ. ನಿಮ್ಮೂರ ಹಳ್ಳ ದಾಟಿದ ಮ್ಯಾಲ ಇದು ಬರೇ ಕಾಗದ.”

“ಊರ ಮಂದಿ ಎಲ್ಲಾ ತಗೊಂತಾರಲ್ರೀ” ಎಂದಳು ಅತ್ತೆ.

“ನಮ್ಮೂರಾಗೂ ಚೀಟಿ ಅದಾವ. ನನ್ನ ಗಲ್ಲೆದಾಗ ನೋಡ್ರಿ, ರಗಡ್ ಅದಾವ. ಇವನ್ನ ನಿಮ್ಮ ಸಾವ್ಕಾರ್ರು ತಗೊಂತಾರೇನು, ಕೇಳ್ಕೊಂಡ ಬರ್ರಿ. ತಗೊಂಡ್ರ ನಾನೂ ತಗೊಂತೀನಿ.”

ಇದಕ್ಕಿಂತ ಒಳ್ಳೆಯ ವಾದವನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿಲ್ಲ. ಸಿಂಧನೂರಿನ ಹೋಟೆಲಿನವನೊಬ್ಬ ಅದೇ ತಗಡುಗಳನ್ನು ಕೇಳಿ ಹೋಗಿದ್ದಾನೆ, ಆದರೂ ಪಾಡ್ಯದ ತನಕ ಎತ್ತಿಡುತ್ತೇನೆ, ಅಷ್ಟರೊಳಗೆ ಕಲ್ದಾರ್ ತನ್ನಿ ಎಂದರು ಸಾಬರು. ತಿರುಗಿ ಬರುವಾಗ ಅತ್ತೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, “ಪಾಪ, ಅವರ ಊರಾಗ ನಂಬಿಗಿ ಕಮ್ಮಿ” ಎಂದಳು. ನಾನು ಮಾತಾಡಿದ್ದರೆ ಬಸ್ಸಿನಲ್ಲೇ ಜಗಳವಾಗುತ್ತಿತ್ತು.

ಮಾರನೆಯ ದಿನ ಸಾಹುಕಾರರ ಅಂಗಡಿಗೆ ಹೋದೆವು. ಸಹಿ ಅವರದು, ಚೀಟಿಯನ್ನು ಕಲ್ದಾರ್ ಮಾಡಿಕೊಡಬೇಕಾದವರೂ ಅವರೇ. ಅವರು ಗಾದಿಯ ಮೇಲೆ ಕೂತು ಬೆಲ್ಲದ ಪೆಂಟೆಗೆ ಮುತ್ತಿದ ನೊಣ ಹೊಡೆಯುತ್ತಿದ್ದರು.

“ಕೊಡೂದಿಲ್ಲ ಅಂದ್ನೇನ್ ಯವ್ವಾ? ಆದ್ರ ಈಗ ಬ್ಯಾಡ. ಅಮಾಸಿ ಹತ್ತರ ಬಂತು. ಪೂಜಿ ಮುಂದ ಲಕ್ಷ್ಮೀನ ಮನಿಯಿಂದ ಹೊರಗ ಕಳಸಬಾರ್ದು, ನಿನಗ ಗೊತ್ತಿಲ್ಲದ್ದೇನು? ಪೂಜಿ ಆಗ್ಲಿ. ಪಾಡ್ಯದ ದಿನ ಬಾ, ಎಣಿಸಿ ಕೊಡ್ತೀನಿ.”

ನಾನು ಸುಮ್ಮನಿರಬಹುದಾಗಿತ್ತು. “ಲಕ್ಷ್ಮೀನ ಹೊರಗ ಕಳಸೂದಿಲ್ಲ ಅಂದ್ರ, ಒಳಗ ಲಕ್ಷ್ಮಿ ಅದಾಳ ಅಂದಂಗಾತಲ್ರೀ ಸಾವ್ಕಾರ್ರ? ಚಿಲ್ಲರ ಇಲ್ಲ ಅಂತನ ಅಲ್ಲೇನ್ರಿ ಚೀಟಿ ಹೊಂಡಿಸಿದ್ದು?”

ಸಾಹುಕಾರರು ನೊಣ ಹೊಡೆಯುವುದನ್ನು ಬಿಟ್ಟು ನನ್ನನ್ನು ನೋಡಿದರು. “ಅಕ್ಕೋರ, ನೀವು ಸಾಲ್ಯಾಗ ಹುಡುಗ್ಯಾರಿಗೆ ಲೆಕ್ಕ ಕಲಸ್ತೀರೋ, ಜಗಳ ಕಲಸ್ತೀರೋ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅತ್ತೆ ಎಲ್ಲರಿಗಿಂತ ಮೊದಲು ನಕ್ಕಳು. ನಗಿಸಿದವನು ಗೆದ್ದ ಎಂದು ತೀರ್ಪು ಕೊಡುವ ತೀರ್ಪುಗಾರರನ್ನು ನಾನು ಸ್ಪರ್ಧೆಗಳಲ್ಲೂ ಕಂಡಿದ್ದೆ.

ಅಮಾವಾಸ್ಯೆಯ ದಿನ ಸಾಲೆಯಲ್ಲಿ ಸುಣ್ಣ ಹೊಡೆಸುವ ಕೆಲಸವಿತ್ತು. ಮಧ್ಯಾಹ್ನ ಮನೆಗೆ ಬಂದರೆ ಅಂಗಳದಲ್ಲಿ ಮೊರ, ಮೊರದ ತುಂಬ ಹಳದಿ ಎಲೆಗಳಂಥವು ಬಿಸಿಲಿಗೆ ಒಣಗುತ್ತಿವೆ. ಅರಿಶಿಣದ ಎಲೆಯೇ ಇರಬೇಕೆಂದುಕೊಂಡೆ. ಬಗ್ಗಿ ನೋಡಿದರೆ ಚೀಟಿಗಳು.

ನಮ್ಮ ಕಡೆ ಲಕ್ಷ್ಮೀಪೂಜೆಗೆ ಮನೆಯಲ್ಲಿದ್ದ ದುಡ್ಡನ್ನೆಲ್ಲ ತಾಟಿಗೆ ಸುರಿದು, ಹಾಲು ನೀರು ಎರೆದು ತೊಳೆದು, ಅರಿಶಿಣ ಕುಂಕುಮ ಹಚ್ಚಿ ದೇವರ ಜಗುಲಿಯ ಮೇಲಿಡುತ್ತಾರೆ. ತಾಮ್ರದ ದುಡ್ಡು ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಫಳಫಳ ಎನ್ನುತ್ತಿತ್ತು. ಅತ್ತೆ ಹುಟ್ಟಿದಾಗಿನಿಂದ ನೋಡಿದ್ದು, ಮಾಡಿದ್ದು ಅದನ್ನೇ. ಈ ವರ್ಷವೂ ಅದನ್ನೇ ಮಾಡಿದ್ದಳು. ಹುಣಸೆಹಣ್ಣು ಹಚ್ಚಿರಲಿಲ್ಲ, ಅಷ್ಟೇ ಪುಣ್ಯ.

“ಅತ್ತಿ, ಏನ್ ಮಾಡಿದಿ ಇದು?”

“ಲಕ್ಷ್ಮಿಗೆ ಎರದೀನಿ. ವರ್ಷಾ ಎರಿಯೂದಿಲ್ಲೇನು? ಇದಕ್ಕಂತೂ ಮಿರ್ಚಿ ಎಣ್ಣಿ ಹತ್ತಿ ಜಿಡ್ಡಾಗಿತ್ತು.”

“ವರ್ಷಾ ಎರಿತಿದ್ದದ್ದು ತಾಮ್ರಕ್ಕ, ಬೆಳ್ಳಿಗೆ. ಇದು ಕಾಗದ. ಮಸಿ ಎಲ್ಲಾ ಹೋಗೇತಿ ನೋಡು.”

“ಇದು ದುಡ್ಡು ಹೌದೋ ಅಲ್ಲೋ, ಅಷ್ಟು ಹೇಳು.”

ಹೌದು ಎಂದರೆ ಅವಳು ತೊಳೆದದ್ದು ಸರಿ. ಅಲ್ಲ ಎಂದರೆ ಇಷ್ಟು ತಿಂಗಳು ಅದನ್ನು ತೆಗೆದುಕೊಂಡು ಮಿರ್ಚಿ ಕೊಟ್ಟದ್ದು ತಪ್ಪು. ಎದುರಾಳಿಯನ್ನು ಎರಡು ಕೋಡಿನ ನಡುವೆ ನಿಲ್ಲಿಸುವುದು ಹೇಗೆಂದು ನನಗೆ ಹೈಸ್ಕೂಲಿನಲ್ಲಿ ಕಲಿಸಿದ್ದರು. ಅತ್ತೆಗೆ ಯಾರು ಕಲಿಸಿದ್ದರೋ. ಅವಳು ಒಂದು ಚೀಟಿಯನ್ನು ಬೆಳಕಿಗೆ ಹಿಡಿದು, “ಒಣಗಿದ ಮ್ಯಾಲ ಕಾಣಸ್ತದ ತಗೋ” ಎಂದಳು. ನೇರಳೆ ಮಸಿ ಅರಿಶಿಣದಲ್ಲಿ ಕಲೆತು ಬದನೆಕಾಯಿ ಪಲ್ಯದ ಬಣ್ಣವಾಗಿತ್ತು. ಸಹಿ ಇದ್ದಲ್ಲಿ ಒಂದು ಕಲೆ. ತಿರುವಿ ನೋಡಿದೆ. ಹಿಂಬದಿಯ ಉರ್ದು ಅಚ್ಚು ಒಂದಕ್ಷರವೂ ಅಳಿಸದೆ ಹಾಗೇ ಇತ್ತು. ಹೋದ ಸರಕಾರದ ಮಸಿ ಉಳಿದಿತ್ತು, ಇದ್ದ ಸಾಹುಕಾರರ ಮಸಿ ಹೋಗಿತ್ತು.

ಸಂಜೆ ಅಂಗಡಿಗಳ ಪೂಜೆ. ಊರವರೆಲ್ಲ ಒಂದೊಂದು ಅಂಗಡಿಗೂ ಹೋಗಿ ಎಲೆಅಡಿಕೆ, ಸಕ್ಕರೆ ತೆಗೆದುಕೊಂಡು ಬರುವುದು ವಾಡಿಕೆ. ನಾನು ಬರುವುದಿಲ್ಲ ಎಂದರೂ ಅತ್ತೆ ಬಿಡಲಿಲ್ಲ. ಸಾಹುಕಾರರ ಅಂಗಡಿಯಲ್ಲಿ ಬಾಳೆಕಂಬ ಕಟ್ಟಿ, ಲಕ್ಷ್ಮಿಯ ಪಟದ ಮುಂದೆ ತಕ್ಕಡಿ, ಖಾತೆ ಪುಸ್ತಕ, ದೌತಿ, ಮತ್ತೆ ಒಂದು ದೊಡ್ಡ ಹಿತ್ತಾಳೆ ತಾಟು ಇಟ್ಟಿದ್ದರು. ತಾಟಿನ ಮೇಲೆ ಚೆಂಡು ಹೂವಿನ ರಾಶಿ. ಕೆಳಗೆ ಏನಿದೆಯೋ ಕಾಣುತ್ತಿರಲಿಲ್ಲ. ಆರತಿಗೆ ಜಾಗ ಮಾಡಲೆಂದು ಆಳುಮಗ ತಾಟನ್ನು ಎರಡೂ ಕೈಯಿಂದ ಎತ್ತಿ, ಉಸಿರು ಬಿಗಿಹಿಡಿದು ಪಕ್ಕಕ್ಕಿಟ್ಟ. ಇಡುವಾಗ ಝಲ್ ಎಂದಿತು.

ಹೂವು ಝಲ್ ಎನ್ನುವುದಿಲ್ಲ. ಕಾಗದವೂ ಎನ್ನುವುದಿಲ್ಲ. ಆದರೆ ನ್ಯಾಯವಾಗಿ ಮಾತಾಡಬೇಕು. ಶಬ್ದ ಕೇಳಿದ್ದು ನಿಜ, ನಾನು ಕಂಡದ್ದೇನೂ ಇಲ್ಲ. ನಾಲ್ಕು ಬೆಳ್ಳಿ ರೂಪಾಯಿ ತಾಟಿನ ಅಂಚಿಗೆ ತಾಗಿದರೂ ಆ ಶಬ್ದ ಬರಬಹುದು. ಆಳುಮಗ ಬಡಕಲಾಗಿದ್ದರೆ ಖಾಲಿ ತಾಟೂ ಭಾರವೇ. ನಾನು ಅತ್ತೆಯ ಮುಖ ನೋಡಿದೆ. ಅವಳಿಗೂ ಕೇಳಿಸಿತ್ತು. ನನ್ನ ಮೊಣಕೈ ಹಿಡಿದು, “ದೇವ್ರ ಮುಂದ ಸುಮ್ನಿರು” ಎಂದಳು. ನಾನಿನ್ನೂ ಏನೂ ಅಂದಿರಲಿಲ್ಲ.

ಪಾಡ್ಯದ ಬೆಳಿಗ್ಗೆ ಸಾಹುಕಾರರ ಅಂಗಡಿಯ ಮುಂದೆ ಸಾಲು. ಬಹಳಮಟ್ಟಿಗೆ ಹೆಂಗಸರು, ಒಬ್ಬೊಬ್ಬರ ಉಡಿಯಲ್ಲೂ ಒಂದೊಂದು ಹಳದಿ ಗಂಟು. ಬಾಯಿಯ ಮೇಲೆ ಸೆರಗಿಟ್ಟುಕೊಂಡು ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಮಸ್ಕಿಯ ಮುಕ್ಕಾಲು ಮನೆ ಲಕ್ಷ್ಮಿಗೆ ಎರೆದಿತ್ತು. ಮೊಸರು ಮಾರುವವಳು, ಬಳೆಗಾರ್ತಿ, ಹುಣಸೆಹಣ್ಣು ತರುವ ಮುದುಕಿ, ಚಿಲ್ಲರೆಯಿಂದಲೇ ಬದುಕುವವರೆಲ್ಲ ಅಲ್ಲಿದ್ದರು.

ಅತ್ತೆಯ ಸರದಿ ಬಂದಾಗ ಸಾಹುಕಾರರು ಚೀಟಿಗಳನ್ನು ಒಂದೊಂದಾಗಿ ನೋಡಿದರು. ಗಂಟಿನ ನಡುವೆ ಸಿಕ್ಕಿಕೊಂಡು ಹೇಗೋ ಉಳಿದ ಕೆಲವನ್ನು ಬದಿಗಿಟ್ಟರು, ಅವಕ್ಕೆ ದುಡ್ಡು ಕೊಟ್ಟರು. ಉಳಿದದ್ದನ್ನು ಮುಂದಕ್ಕೆ ಸರಿಸಿದರು.

“ಇದರ ಮ್ಯಾಲ ನನ್ನ ಸಹಿ ಎಲ್ಲೈತಿ, ತೋರಸು ಯವ್ವಾ.”

“ಇತ್ತರೀ ಯಪ್ಪಾ, ಪೂಜಿ ಮಾಡಿದ್ದಕ್ಕ...”

“ಪೂಜಿ ಮಾಡಿದ್ದು ಚಲೋ ಆತು. ಆದ್ರ ನಾಳಿ ಯಾವನರ ಬರೇ ಕಾಗದಕ್ಕ ಅರಿಶಿಣ ಹಚ್ಚಿ ತಂದ್ರ, ಅವನಿಗೂ ಎಣಿಸಿ ಕೊಡ್ಲೇನು? ಮಂದಿ ದುಡ್ಡಿದು, ನನ್ನದಲ್ಲ.”

ಒಳ್ಳೆಯ ವಾದ, ಅಲ್ಲವೆನ್ನಲಾರೆ. ನಾನು ಚೀಟಿ ತಿರುವಿ ಹಿಂಬದಿ ತೋರಿಸಿದೆ. “ಇದು ನೀವು ಕತ್ತರಿಸಿದ ಫಾರಂ ಹೌದೋ ಅಲ್ಲೋ? ಅಚ್ಚು ಉಳದೈತಿ ನೋಡ್ರಿ. ಜೋಡಿಸಿದ್ರ ಒಂದಕ್ಕೊಂದು ಕೂಡತಾವ.”

“ಆ ಫಾರಂ ಊರ ತುಂಬ ಬಿದ್ದಾವ ಅಕ್ಕೋರ. ನಿಮ್ಮ ಸಾಲ್ಯಾಗ ಹುಡುಗ್ಯಾರು ಅದರ ಮ್ಯಾಲನ ಕಾಗುಣಿತ ಬರಿತಾರ.”

ಅದೂ ನಿಜವಾಗಿತ್ತು. ಎರಡನೆಯ ಸಲ ನಕ್ಕರು ಜನ, ಅದೇ ಸಾಲಿನಲ್ಲಿ ಹಳದಿ ಗಂಟು ಹಿಡಿದು ನಿಂತಿದ್ದ ಜನ. ನನಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ನಿಮ್ಮ ಪರವಾಗಿ ಮಾತಾಡುತ್ತಿದ್ದೇನೆ ತಾಯಂದಿರೇ, ನಗುವುದನ್ನು ಸ್ವಲ್ಪ ತಡೆದುಕೊಳ್ಳಿ ಎಂದು ಹೇಳಬೇಕೆನಿಸಿತು.

“ಪೂಜಿ ಆದ ಮ್ಯಾಲ ಬರ್ರಿ ಅಂದವರು ನೀವಲ್ಲೇನ್ರಿ?” ಎಂದೆ. “ಪೂಜಿ ಅಂದ್ರ ಎರೀತಾರ ಅಂತ ಊರಿಗೆಲ್ಲಾ ಗೊತ್ತು. ನಿಮಗ ಗೊತ್ತಿದ್ದಿಲ್ಲೇನು?”

ಆಗ ಸಾಹುಕಾರರು ಮಾಡಿದ ಕೆಲಸ ನೋಡಿ. ಸಿಟ್ಟಾಗಲಿಲ್ಲ, ದನಿ ಏರಿಸಲಿಲ್ಲ. ಅತ್ತೆಯ ಕಡೆ ತಿರುಗಿ, “ಯವ್ವಾ, ಹಬ್ಬದ ದಿನ ಬರಿಗೈಲೆ ಕಳಸೂ ಮನಶ್ಯಾ ನಾ ಅಲ್ಲ. ಈ ಹೋದ ಚೀಟಿಗೆ ರೊಕ್ಕ ಬರಂಗಿಲ್ಲ. ಆದ್ರ ಮನಿಗೆ ಜ್ವಾಳ ಒಯ್ಯಿ. ನಂಬಿಗಿ ಮ್ಯಾಲ ಕೊಡ್ತೀನಿ” ಎಂದರು. ಸಾಲಿನಲ್ಲಿದ್ದ ಮುದುಕಿ, “ನಿನ್ನ ಹೊಟ್ಟಿ ತಣ್ಣಗಿರ್ಲಿ ನನ್ನಪ್ಪಾ” ಎಂದು ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಅತ್ತೆ ಸೆರಗು ಒಡ್ಡಿದಳು.

“ಅತ್ತಿ, ತಗಡು ಬೇಕು ನಿನಗ, ಜ್ವಾಳ ಅಲ್ಲ” ಎಂದೆ.

“ಮಂದ್ಯಾಗ ಮಾನಾ ಕಳೀಬ್ಯಾಡ. ಹಿಡಿ, ಆ ಕಡೆ ಸೆರಗು ಹಿಡಿ.”

ಹಿಡಿದೆ. ಹಳೆಯ ಜೋಳ, ನುಸಿ ಹಿಡಿದದ್ದು. ಒಂದಿಷ್ಟು ದಿನ ರೊಟ್ಟಿಯಾಯಿತು. ತಗಡು ಸಿಂಧನೂರಿನ ಹೋಟೆಲಿನವನ ಪಾಲಾಯಿತು. ಬೇರೆ ತಗಡು ನನ್ನ ಪಗಾರದಿಂದ ಕೊಳ್ಳೋಣವೆಂದು ಹೇಳಿದೆ, ಬೈದೆ, ಊಟ ಬಿಟ್ಟೆ. ಅವಳು ತನ್ನ ಪಾಲಿನ ರೊಟ್ಟಿಯನ್ನೂ ನನ್ನ ತಟ್ಟೆಗಿಟ್ಟು, ತವರಿನ ಮಾತೆತ್ತಿ ಎದ್ದುಹೋದಳು. ಹಬ್ಬ ಮುಗಿದ ಮೇಲೆ ಪಂಚರ ಆಳು ಬಂದು ಬೇವಿನ ಗಿಡದ ಕೆಳಗಿದ್ದ ಒಲೆಯ ಕಲ್ಲುಗಳನ್ನು ಎತ್ತಿಸಿದ. ಅಲ್ಲಿ ಈಗ ಬೇರೆಯವರ ಶೆಡ್ಡಿದೆ. ಅತ್ತೆ ಹಳ್ಳದ ಕಡೆ ಕೂರುತ್ತಾಳೆ. ಬಸ್ಸು ಬಂದಾಗ ಬುಟ್ಟಿ ಹೊತ್ತು ಓಡುತ್ತಾಳೆ. ಮೊಣಕಾಲು ನೋವಿರುವುದರಿಂದ ಅದು ಓಟವೂ ಅಲ್ಲ, ನಡಿಗೆಯೂ ಅಲ್ಲ. ಎಷ್ಟೋ ಸಲ ಅವಳು ಮುಟ್ಟುವ ಮೊದಲೇ ಬಸ್ಸು ಹೊರಟಿರುತ್ತದೆ.

ಚೀಟಿಗಳು ಮುಂದೆ ತಾವಾಗಿಯೇ ನಿಂತವು. ಹೊಸ ನಾಣ್ಯ ಬಂತು, ಜನ ಮರೆತರು. ಪೂರ್ತಿ ಮರೆತಿದ್ದರೆ ಚೆನ್ನಾಗಿತ್ತು. ಈಗ ರೂಪಾಯಿಗೆ ನೂರು ಹೊಸ ಪೈಸೆ ಬರುತ್ತದಂತೆ, ಆಣೆಗಳು ಹೋಗುತ್ತವಂತೆ ಎಂಬ ಸುದ್ದಿ ಎದ್ದಿದೆ. ಎದ್ದದ್ದೇ ತಡ, ಹಳೆಯ ಕಥೆಗೆ ಮತ್ತೆ ಜೀವ ಬಂದಿದೆ. ಹೋದ ವಾರ ಎಣ್ಣೆ ತರಲು ಅತ್ತೆಯ ಜೊತೆ ಸಾಹುಕಾರರ ಅಂಗಡಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು. ಸಾಹುಕಾರರಿಗೆ ವಯಸ್ಸಾಗಿದೆ, ಕಥೆಗೆ ಮಾತ್ರ ಹೊಸ ಹರೆಯ.

“ಪೈಸೆ ಬರ್ಲಿ, ಏನರ ಬರ್ಲಿ, ನಮ್ಮೂರು ಅಂಜೂದಿಲ್ಲ” ಎನ್ನುತ್ತಿದ್ದರು. “ಆವಾಗ ಒಂದು ಚೂರು ಕಾಗದದ ಮ್ಯಾಲ ಇಡೀ ಪ್ಯಾಟಿ ನಡದೈತಿ. ಒಂದು ಚಿಲ್ಲರ ಇದ್ದಿಲ್ಲ ನೋಡ್ರಿ ಊರಾಗ. ಬರೇ ನಂಬಿಗಿ.”

“ಹೌದ್ರೀ ಯಪ್ಪಾ” ಎಂದಳು ಅತ್ತೆ, ಎಣ್ಣೆಯ ಡಬ್ಬಿ ಮುಂದಿಡುತ್ತ. “ಆ ಚೀಟಿ ಇರದಿದ್ರ ಊರು ಉಪಾಸ ಬೀಳ್ತಿತ್ತು. ನನಗ ಜ್ವಾಳ ಕೊಟ್ಟು ಕಳಸಿದ್ರಿ, ಮರ್ತಿಲ್ಲ ನಾ.”

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಅತ್ತೆ ಡಬ್ಬಿ ಅಲ್ಲೇ ಬಿಟ್ಟು, ಬಾಗಿಲಲ್ಲಿಟ್ಟಿದ್ದ ಬುಟ್ಟಿ ಎತ್ತಿಕೊಂಡು, ಆ ಓಟವಲ್ಲದ ಓಟದಲ್ಲಿ ಹೊರಟಳು. ಅವಳು ಗಿಡದ ಹತ್ತಿರ ಮುಟ್ಟುವ ತನಕ ನೋಡುತ್ತ ನಿಂತೆ. ಬಸ್ಸು ಹೊರಟುಹೋಯಿತು.

ನಾನು ಸಾಹುಕಾರರ ಕಡೆ ತಿರುಗಿದೆ.

“ಸಾವ್ಕಾರ್ರ, ಒಂದು ಮಾತು ಕೇಳ್ತೀನಿ. ಆ ವರ್ಷ ಅಮಾಸಿ ಪೂಜ್ಯಾಗ, ಚೆಂಡು ಹೂವಿನ ಕೆಳಗ, ಆ ತಾಟಿನಾಗ ನೀವು ಇಟ್ಟಿದ್ದೇನ್ರಿ? ಚಿಲ್ಲರೀನೋ, ನಿಮ್ಮ ಸಹಿ ಮಾಡಿದ ಚೀಟೀನೋ? ಚೀಟಿ ಇಟ್ಟಿದ್ರ, ಅವಕ್ಕೂ ಹಾಲು ಎರದಿದ್ರೇನು?”